ಕೆಂಪಿಯನ್ನು ಹಡಗು ಹತ್ತಿಸುವ ಮಾತು

ಕಾರು ಕಲಿಯಲು ಬಂದವರೆಲ್ಲ ಆಕೆಯನ್ನು ಬ್ರೇಕ್ ಅಕ್ಕ ಎನ್ನುತ್ತಿದ್ದರು. ಕಲಿತು ಹೋದವರೂ ಹಾಗೇ ಅನ್ನುತ್ತಿದ್ದರು, ಅವರ ಮನೆಯವರೂ ಹಾಗೇ. ತರಕಾರಿ ಅಂಗಡಿಯವನು ಕೂಡ ತಕ್ಕಡಿ ಎತ್ತುತ್ತಾ, “ಬ್ರೇಕ್ ಅಕ್ಕಾ, ಇವತ್ತು ಯಾರ್‍ಯಾರು ಫುಟ್‌ಪಾತ್ ಹತ್ತಿದ್ರು?” ಎಂದು ಕೇಳುವನು. “ಇವತ್ತು ಎಲ್ರೂ ರಸ್ತೆ ಮೇಲೇ ಇದ್ರಪ್ಪ, ದೇವರು ದೊಡ್ಡೋನು,” ಎಂದು ಆಕೆ ಚೀಲ ಒಡ್ಡುವಳು.

ಆಕೆ ಕೆಲಸ ಮಾಡುತ್ತಿದ್ದ ಜಾಗವೆಂದರೆ ಕಾರಿನ ಎಡಗಡೆಯ ಸೀಟು. ಕಲಿಯುವವರು ಬಲಗಡೆ ಸ್ಟೀರಿಂಗ್ ಹಿಡಿದು ಕೂರುತ್ತಿದ್ದರು, ಕಲಿಸುವವಳು ಅವರ ಪಕ್ಕದಲ್ಲಿ. ಆಕೆಯ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಬಲಗೈ ಯಾವಾಗಲೂ ಗೇರಿನ ಹತ್ತಿರವೋ ಸ್ಟೀರಿಂಗಿನ ಅಂಚಿನ ಮೇಲೋ ಸುಳಿದಾಡುತ್ತಿರುತ್ತಿತ್ತು. ಬೇರೆ ಮೇಷ್ಟ್ರುಗಳ ಹಾಗೆ ಆಕೆ ಕೂಗಾಡಿದವಳಲ್ಲ. ಎದುರಿಗೆ ಲಾರಿ ಬಂದಾಗ ಕಲಿಯುವವರು ಕಣ್ಣು ಮುಚ್ಚಿಕೊಂಡರೂ ಆಕೆಯ ಪಾದ ತಾನಾಗಿ ಕೆಳಗಿಳಿಯುತ್ತಿತ್ತು, ಕಾರು ಮೆಲ್ಲಗೆ ನಿಲ್ಲುತ್ತಿತ್ತು. “ನೋಡಿದ್ರಾ ಅಕ್ಕ, ಹೇಗೆ ನಿಲ್ಲಿಸ್ಬಿಟ್ಟೆ!” ಎಂದು ಅವರು ಬೀಗುತ್ತಿದ್ದರು. “ಚೆನ್ನಾಗಿ ನಿಲ್ಲಿಸಿದ್ರಿ,” ಎಂದು ಆಕೆ ಒಪ್ಪಿಕೊಳ್ಳುತ್ತಿದ್ದಳು. ತಾನು ನಿಲ್ಲಿಸಿದ್ದೆಂದು ಒಬ್ಬರಿಗೂ ಹೇಳಿದವಳಲ್ಲ. ಪಾಠ ಶುರುವಾಗುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿ, ದೇವರೇ, ಇವರ ಕೈಯನ್ನು ನೀನು ಹಿಡಿದುಕೋ, ಕಾಲನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಆಕೆಯ ರೂಢಿ.

ಕಾರಿನ ಹೆಸರು ಕೆಂಪಿ. ಕೊಂಡಾಗ ಕೆಂಪಗಿತ್ತು, ಬಿಸಿಲಿಗೆ ನಿಂತೂ ನಿಂತೂ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅದರ ಮೈಮೇಲಿನ ಒಂದೊಂದು ತಗ್ಗಿಗೂ ಒಬ್ಬೊಬ್ಬರು ಯಜಮಾನರು. ಹಿಂದಿನ ಬಾಗಿಲಿನ ಉದ್ದನೆಯ ಗೀರು ಹಲ್ಲಿನ ಡಾಕ್ಟರದು, ಅವರದೇ ಆಸ್ಪತ್ರೆಯ ಗೇಟಿಗೆ ತಾಗಿಸಿದ್ದು. ಬಂಪರಿನ ಗುಳಿ ಒಬ್ಬ ಪೊಲೀಸನ ಹೆಂಡತಿಯದು. ಬಾಗಿಲು ಹಾಕಿದರೆ ಸ್ಟೀಲ್ ಡಬ್ಬಿಯ ಮುಚ್ಚಳ ಹಾಕಿದಂತೆ ಸದ್ದು. ಆದರೆ ಎಂಜಿನ್ ಮಾತ್ರ ಮೊದಲ ತಿರುವಿಗೇ ಗುರ್ ಎನ್ನುತ್ತಿತ್ತು, ಒಂದು ದಿನವೂ ಮೊಂಡಾಟ ಮಾಡಿದ್ದಿಲ್ಲ.

ಮನೆಯಲ್ಲಿ ಮೂರು ಜನ. ಆಕೆ, ಆಕೆಯ ಗಂಡ, ಅತ್ತೆ. ಗಂಡ ಲಿಫ್ಟ್ ಮೆಕ್ಯಾನಿಕ್. ಮದುವೆಯಾದ ಹೊಸದರಲ್ಲೇ ಅತ್ತೆ, “ನನ್ನ ಮಗ ಮೇಲೆ ಕೆಳಗೆ ಹೋಗ್ತಾನೆ, ಸೊಸೆ ಎಡಕ್ಕೆ ಬಲಕ್ಕೆ ಹೋಗ್ತಾಳೆ, ಮನೇಲಿ ನೆಟ್ಟಗೆ ಕೂತಿರೋಳು ನಾನೊಬ್ಳೇ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅತ್ತೆಯ ನಾಲಿಗೆ ಚುರುಕು, ಮನಸ್ಸು ಮೆತ್ತಗೆ.

ಒಂದು ಸಂಜೆ ಗಂಡ ಕೈಕಾಲು ತೊಳೆಯದೆ ನೇರವಾಗಿ ಅಡುಗೆಮನೆಗೆ ಬಂದು ನಿಂತ. ಏನೋ ಇದೆ ಎಂದು ಆಕೆಗೆ ಆಗಲೇ ಗೊತ್ತಾಯಿತು.

“ಕಂಪನಿಯೋರು ಹೊರದೇಶಕ್ಕೆ ಕಳಿಸ್ತಾರಂತೆ ಕಣೆ. ತಂಗಿ ಇರೋ ಊರಿಗೇ. ಅಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದಿವೆ, ಲಿಫ್ಟ್ ನೋಡ್ಕೊಳ್ಳೋಕೆ ನಮ್ಮೋರೇ ಬೇಕಂತೆ. ಮೂರು ಜನಾನೂ ಹೋಗ್ಬೋದು.”

ಅತ್ತೆಗೆ ಸ್ವರ್ಗ ಕೈಗೆಟುಕಿದಂತಾಯಿತು. ಮಗಳು ಮದುವೆಯಾಗಿ ಆ ದೇಶಕ್ಕೆ ಹೋದ ಮೇಲೆ ಮುಖ ನೋಡುವುದೇ ಅಪರೂಪವಾಗಿತ್ತು. ಬ್ರೇಕ್ ಅಕ್ಕನೂ ಖುಷಿಪಟ್ಟಳು. ಗಂಡ ವರ್ಷಗಟ್ಟಲೆ ಗ್ರೀಸಿನಲ್ಲಿ ಮಿಂದು ದುಡಿದದ್ದಕ್ಕೆ ಯಾರೋ ಕರೆದು ಕುರ್ಚಿ ಕೊಡುತ್ತಿದ್ದಾರೆ, ಅದಕ್ಕಿಂತ ಇನ್ನೇನು ಬೇಕು? ಸಾರಿಗೆ ಉಪ್ಪು ಹಾಕುತ್ತಾ ನಗುತ್ತಲೇ ಕೇಳಿದಳು, “ಅಲ್ಲಿ ರಸ್ತೆಯಲ್ಲಿ ಯಾವ ಕಡೆ ಹೋಗ್ತಾರೆ?”

“ಬಲಗಡೆ. ಸ್ಟೀರಿಂಗ್ ಎಡಗಡೆ. ಎಲ್ಲಾ ಉಲ್ಟಾ.”

ಆಕೆ ಇನ್ನೊಮ್ಮೆ ಉಪ್ಪು ಹಾಕಿದಳು. ಆ ರಾತ್ರಿಯ ಸಾರನ್ನು ಮೂವರೂ ಲೋಟಗಟ್ಟಲೆ ನೀರು ಕುಡಿಯುತ್ತಾ ಉಂಡರು.

ಮಾರನೆಯ ದಿನ ನಾದಿನಿ ಫೋನು ಮಾಡಿದಳು. ಅಣ್ಣ ಬರುವ ಸಡಗರವೆಲ್ಲ ಮುಗಿದ ಮೇಲೆ ಕಾರಿನ ಮಾತು ಬಂತು.

“ಅತ್ತಿಗೆ, ಕಾರಿನ ಆಸೆ ಅಲ್ಲೇ ಬಿಟ್ಟು ಬನ್ನಿ. ನಾನೂ ಅಲ್ಲಿ ಓಡಿಸ್ತಿದ್ದೆ ಅಲ್ವಾ? ನೀವೇ ಕಲಿಸಿದ್ದು. ಇಲ್ಲಿ ಬಂದ್ಮೇಲೆ ಒಂದು ಸಲ ಕೂತೆ, ಎದುರಿಂದ ಲಾರಿ ಬಂತು, ಕೈಕಾಲು ತಣ್ಣಗಾಯ್ತು. ಅವತ್ತೇ ಕೊನೆ. ಈಗ ಹಿಂದಿನ ಸೀಟಲ್ಲಿ ಕೂತು ಕೂತು ಅಭ್ಯಾಸ ಆಗೋಗಿದೆ.”

“ಪೇಟೆಗೆ ಹೋಗೋದಾದ್ರೆ?”

“ಅವ್ರು ಬರ್ತಾರೆ. ಬರೋತನಕ ಚೀಲ ಹಿಡ್ಕೊಂಡು ಕಿಟಕಿ ಹತ್ರ ನಿಂತಿರ್ತೀನಿ. ಬಸ್ಸು ಸಿಗಲ್ಲ, ನಡೆದು ಹೋಗೋ ದೂರ ಅಲ್ಲ. ಏನ್ ಮಾಡೋದು, ಹೊಂದಿಕೋಬೇಕು.”

ನಾದಿನಿ ನಗುತ್ತಲೇ ಹೇಳಿದಳು. ಆದರೆ ಚೀಲ ಹಿಡಿದು ಕಿಟಕಿಯ ಬಳಿ ನಿಂತ ಹೆಂಗಸು ಬ್ರೇಕ್ ಅಕ್ಕನ ಕಣ್ಣಿಗೆ ಕಟ್ಟಿಬಿಟ್ಟಳು. ನಾದಿನಿಯ ಮುಖವಿದ್ದ ಆ ಹೆಂಗಸಿಗೆ ದಿನ ಕಳೆದಂತೆ ತನ್ನದೇ ಮುಖ ಬಂತು. ಊರಿನ ಹೆಣ್ಣುಮಕ್ಕಳನ್ನೆಲ್ಲ ಹಿಂದಿನ ಸೀಟಿನಿಂದ ಎಬ್ಬಿಸಿ ಮುಂದಕ್ಕೆ ಕೂರಿಸಿದವಳು ತಾನು. ಈಗ ತಾನೇ ಹಿಂದೆ ಹೋಗಿ ಕೂರುವುದೇ?

ಆಗ ಹೊಳೆದದ್ದು ಕೆಂಪಿಯನ್ನೇ ಹಡಗಿಗೆ ಹಾಕಿ ಒಯ್ಯುವ ಯೋಚನೆ. ರಸ್ತೆ ಬದಲಾದರೂ ಪರವಾಗಿಲ್ಲ, ಕಾರಾದರೂ ತನ್ನದಿರಲಿ, ಕೈಗೆ ಗೊತ್ತಿರುವ ಸ್ಟೀರಿಂಗು, ಕಾಲಿಗೆ ಗೊತ್ತಿರುವ ಕ್ಲಚ್ಚು. ಗಂಡ ಕಂಪನಿಯಲ್ಲಿ ವಿಚಾರಿಸಿದ. ಮನೆಸಾಮಾನಿನ ಜೊತೆ ಸ್ವಂತ ಕಾರು ತರಬಹುದು, ಸ್ಟೀರಿಂಗ್ ಬಲಗಡೆ ಇದ್ದರೂ ಸ್ವಂತಕ್ಕೆ ಓಡಿಸಬಹುದು ಎಂದರಂತೆ. ಬೇರೆಯವರಿಗೆ ಕಲಿಸಲು ಮಾತ್ರ ಅದು ನಡೆಯದು.

“ಹಾಗಾದ್ರೆ ತಗೊಂಡೇ ಹೋಗೋಣ,” ಎಂದ ಗಂಡ. “ನಿನ್ನ ಮುಖ ಹೀಗೆ ನೋಡೋಕಾಗಲ್ಲ ನಂಗೆ.”

“ಆ ಡಬ್ಬಾನಾ?” ಎಂದಳು ಅತ್ತೆ. “ಹಡಗಿನೋರು ನೋಡಿ, ಇದನ್ನ ಸಮುದ್ರಕ್ಕೆ ಎಸೀಬೇಕಾ ದಡಕ್ಕೆ ಇಳಿಸ್ಬೇಕಾ ಅಂತ ಕೇಳ್ತಾರೆ.”

“ಅಮ್ಮಾ, ನೀನು ಸುಮ್ನಿರು.”

“ನಾನ್ಯಾಕೆ ಸುಮ್ನಿರ್ಲಿ? ಆ ಡಬ್ಬಾದಲ್ಲೇ ನನ್ನ ಆಸ್ಪತ್ರೆಗೆ ಹಾಕ್ಕೊಂಡು ಹೋಗಿ ಜೀವ ಉಳಿಸಿದ್ದು ಅವಳು. ತಗೊಂಡು ಹೋಗ್ಲಿ ಬಿಡು. ಆದ್ರೆ ಡಬ್ಬಾನ ಡಬ್ಬಾ ಅನ್ನೋಕೆ ನಂಗೆ ಯಾರ ಭಯ?”

ಗಂಡನೂ ಅಲ್ಲಿ ಕಾರು ಓಡಿಸಲೇಬೇಕಿತ್ತು. ಹಾಗಾಗಿ ಊಟದ ನಂತರ ನಡುಮನೆಯಲ್ಲಿ ಅವನದೊಂದು ಸಾಧನೆ ಶುರುವಾಯಿತು. ಎರಡು ಕುರ್ಚಿ ಒಟ್ಟಿಗೆ ಹಾಕಿ ಎಡಗಡೆಯದರಲ್ಲಿ ಕೂರುವನು. ಎದೆಯ ಮುಂದೆ ಊಟದ ತಟ್ಟೆ ಸ್ಟೀರಿಂಗು, ಪಕ್ಕದಲ್ಲಿ ನೀರಿನ ಹೂಜಿಯೊಳಗೆ ನಿಲ್ಲಿಸಿದ ಸೌಟು ಗೇರು. ಬಲಗೈಯಲ್ಲಿ ಸೌಟು ಹಿಡಿಯಬೇಕಾದಾಗಲೆಲ್ಲ ಎಡಗೈ ಗಾಳಿಯಲ್ಲಿ ತಡಕಾಡುವುದು. ಒಂದು ಸಲ ಹೂಜಿಯೇ ಉರುಳಿ ಅತ್ತೆಯ ಕಾಲಬುಡಕ್ಕೆ ನೀರು ಹರಿಯಿತು.

“ಆಕ್ಸಿಡೆಂಟ್ ಆಯ್ತು ನೋಡು. ಸತ್ತೋರು ಯಾರು?” ಎಂದು ಅತ್ತೆ ಕಾಲು ಮೇಲೆತ್ತಿಕೊಂಡಳು.

ಬ್ರೇಕ್ ಅಕ್ಕ ಬಿದ್ದು ಬಿದ್ದು ನಕ್ಕಳು. “ನೀನೂ ಬಾ, ಕೂತ್ಕೋ,” ಎಂದು ಗಂಡ ಕರೆದರೆ ಮಾತ್ರ ಒರೆಸುವ ಬಟ್ಟೆ ಹಿಡಿದು ಒಳಗೆ ಹೋದಳು. ಆ ಕುರ್ಚಿಯಲ್ಲಿ ಕೂತು ತನ್ನ ಕೈಯೂ ಹಾಗೆ ಗಾಳಿಯಲ್ಲಿ ತಡಕಾಡಿದರೆ? ಜೀವಮಾನವಿಡೀ ಮಾಡಿದ ಕೆಲಸ ಸೌಟಿನ ಮುಂದೆ ಸೋತುಹೋದರೆ? ಅದನ್ನು ನೋಡುವ ಧೈರ್ಯ ಆಕೆಗಿರಲಿಲ್ಲ.

ಹಡಗಿಗೆ ಸಾಮಾನು ತುಂಬುವ ಯಾರ್ಡಿಗೆ ಕಾರನ್ನು ಒಮ್ಮೆ ತಂದು ಅಳತೆ ಕೊಡಬೇಕೆಂದು ಹೇಳಿದ್ದರು. ಆ ದಿನ ಕೆಂಪಿಯನ್ನು ಓಡಿಸಿಕೊಂಡು ಹೊರಟವಳು ರಿವರ್ಸ್ ರಾಣಿ. ಈಕೆ ಮೊದಲು ಬಟ್ಟೆ ಹೊಲಿಯುತ್ತಿದ್ದವಳು. ಕಲಿಯುವಾಗ ಮುಂದಕ್ಕೆ ಹೋಗೆಂದರೆ ಗಡಗಡ ನಡುಗುವಳು, ಹಿಂದಕ್ಕೆ ತೆಗೆಯೆಂದರೆ ಸೂಜಿಗೆ ದಾರ ಪೋಣಿಸಿದಂತೆ ತೆಗೆಯುವಳು. ಎಷ್ಟೋ ಸಲ ಪರೀಕ್ಷೆಯಲ್ಲಿ ಫೇಲಾಗಿ, ಕೊನೆಗೂ ಪಾಸಾಗಿ, ಈಗ ಬ್ರೇಕ್ ಅಕ್ಕನ ಜೊತೆಯಲ್ಲೇ ಬೆಳಗಿನ ಪಾಠಗಳನ್ನು ಹೇಳಿಕೊಡುತ್ತಿದ್ದಳು. ಕೆಂಪಿ ಹಡಗು ಹತ್ತಿದರೆ ರಾಣಿ ಮತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂರಬೇಕು. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಆ ದಿನ ದಾರಿಯುದ್ದಕ್ಕೂ ಅವಳು ಒಂದೇ ಒಂದು ಜೋಕು ಹೇಳಲಿಲ್ಲ. ಬ್ರೇಕ್ ಅಕ್ಕ ಎಂದಿನಂತೆ ಎಡಗಡೆ ಕೂತು ಅದನ್ನು ಗಮನಿಸುತ್ತಿದ್ದಳು.

ಯಾರ್ಡು ಎಂದರೆ ಎತ್ತರದ ಗೋಡೆಯೊಳಗೆ ಬಯಲು. ಬಣ್ಣ ಬಣ್ಣದ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನೆಲದಲ್ಲೆಲ್ಲ ಮರದ ಚೂರು, ಕಟ್ಟಿದ ಹಗ್ಗದ ತುಂಡು, ಎಣ್ಣೆಯ ಕಲೆ. ಒಂದು ನೀಲಿ ಕಂಟೇನರು ಬಾಯಿ ತೆರೆದು ನೆಲದ ಮೇಲೆ ಕೂತಿತ್ತು. ಅದರ ಬಾಯಿಗೆ ಎರಡು ಕಬ್ಬಿಣದ ಹಲಗೆ ಒರಗಿಸಿದ್ದರು. ಹಲಗೆಗಳ ಮುಂದೆ ಒಂದು ದೊಡ್ಡ ಬೂದುಬಣ್ಣದ ಕಾರು. ಅದರ ಸುತ್ತ ನಿಂತ ಗಂಡಸರೆಲ್ಲ ಏರುದನಿಯಲ್ಲಿ ವಾದ ಮಾಡುತ್ತಿದ್ದರು.

ಇವರನ್ನು ನೋಡಿ ಸೂಪರ್‌ವೈಸರ್ ಓಡಿಬಂದ. ಹಣೆಯ ಬೆವರು ಒರೆಸಿಕೊಳ್ಳುತ್ತಾ, “ಸ್ವಲ್ಪ ಕಾಯ್ಬೇಕಮ್ಮ. ನಿಮ್ಮ ಕಾರು ಆಮೇಲೆ ನೋಡೋಣ. ಇಲ್ಲಿ ನಮ್ಮ ಮರ್ಯಾದೆ ಹೋಗ್ತಿದೆ,” ಎಂದ.

“ಏನಾಯ್ತು?” ಎಂದಳು ಬ್ರೇಕ್ ಅಕ್ಕ.

ವಿಷಯ ಹೀಗಿತ್ತು. ಹೊರದೇಶದಿಂದ ಬಂದು ಕೆಲಸ ಮಾಡಿದ್ದ ಒಬ್ಬ ಎಂಜಿನಿಯರು ತನ್ನ ಕಾರನ್ನು ವಾಪಸ್ ಕಳುಹಿಸಲು ಬಿಟ್ಟು ವಿಮಾನ ಹತ್ತಿದ್ದ. ಅವನ ದೇಶದ ಕಾರು, ಸ್ಟೀರಿಂಗು ಎಡಗಡೆ. ಕಂಟೇನರ್ ಒಯ್ಯುವ ಲಾರಿ ಇನ್ನೇನು ಬರುವುದರಲ್ಲಿತ್ತು. ಕಾರನ್ನು ಒಳಗೆ ಬಿಡುವಾಗ ಬಲಗಡೆಯ ಗೋಡೆಗೆ ಒತ್ತಿ ನಿಲ್ಲಿಸಬೇಕು, ಆಗಷ್ಟೇ ಎಡಗಡೆಯ ಬಾಗಿಲು ಅರ್ಧ ತೆರೆದು ಡ್ರೈವರ್ ಹೊರಗೆ ಬರಲು ಜಾಗ. ಸ್ವಲ್ಪ ಅತ್ತ ಹೋದರೆ ಕಾರಿನ ಬಣ್ಣ ಕಿತ್ತು ಬರುತ್ತದೆ, ಸ್ವಲ್ಪ ಇತ್ತ ಬಂದರೆ ಡ್ರೈವರ್ ಕಾರಿನ ಜೊತೆ ವಿದೇಶಕ್ಕೆ ಹೋಗುತ್ತಾನೆ. ಹೋದ ಸಲ ಇಂಥದೇ ಕಾರಿನ ಕನ್ನಡಿಯನ್ನು ಮುರಿದು ಹಾಕಿದ್ದರಂತೆ. ಅಂದಿನಿಂದ ಎಡಗಡೆ ಸ್ಟೀರಿಂಗ್ ಎಂದರೆ ಎಲ್ಲರೂ ಮಾರು ದೂರ.

“ಮುರಿದಿದ್ದು ನಾನಲ್ಲ, ಕನ್ನಡೀನೇ ಮುಂದೆ ಬಂತು,” ಎಂದ ಯಾರ್ಡ್ ಡ್ರೈವರ್. ಅವನ ಗಾತ್ರ ನೋಡಿ ಎಲ್ಲರೂ ಅವನನ್ನು ಗಜ ಎನ್ನುತ್ತಿದ್ದರು.

“ಕನ್ನಡಿಗೆ ಕಾಲಿತ್ತಾ?” ಎಂದು ಯಾರೋ ಹಿಂದಿನಿಂದ ಕಿಚಾಯಿಸಿದರು.

ಬ್ರೇಕ್ ಅಕ್ಕ ಕಂಟೇನರಿನ ಬಾಯಿಯನ್ನು ನೋಡಿದಳು, ಕಾರನ್ನು ನೋಡಿದಳು, ಜೇಬಿನಿಂದ ಹೊರಬರದ ಗಜನ ಕೈಯನ್ನು ನೋಡಿದಳು. ಹೆದರಿದ ಕೈಯನ್ನು ಕಂಡರೆ ಸುಮ್ಮನಿರಲು ಆಕೆಗೆ ಆಗುತ್ತಿರಲಿಲ್ಲ.

“ನಾನು ಡ್ರೈವಿಂಗ್ ಕಲಿಸೋಳು. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತು ಹೇಳ್ತಾ ಹೋಗ್ತೀನಿ. ಹೆದರ್ಕೋಬೇಡಿ,” ಎಂದಳು.

ಗಜನಿಗೆ ಹೋದ ಜೀವ ಬಂದಂತಾಯಿತು. “ಅದೇ ಸರಿ ಅಕ್ಕ. ಪಕ್ಕದಲ್ಲಿ ಒಬ್ರು ಇದ್ರೆ ಸಾಕು ನಂಗೆ.”

ಇಬ್ಬರೂ ಕಾರಿನ ಕಡೆ ನಡೆದರು. ಗಜ ಬಲಗಡೆಯಿಂದ ಬಂದ, ಬಾಗಿಲು ತೆರೆದ, ಉಸಿರು ಬಿಗಿಹಿಡಿದು ಒಳಗೆ ತೂರಿಕೊಂಡ. ಬ್ರೇಕ್ ಅಕ್ಕ ಎಡಗಡೆಯಿಂದ ಬಂದು ಕೂತಳು. ಎರಡು ಬಾಗಿಲೂ ಮುಚ್ಚಿದವು. ಗಜ ಸೀಟನ್ನು ಹಿಂದಕ್ಕೆ ಸರಿಸಿದ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಗಂಭೀರವಾಗಿ ಎರಡೂ ಕೈ ಮುಂದೆ ಚಾಚಿದ. ಕೈಗೆ ಸಿಕ್ಕಿದ್ದು ಸಾಮಾನು ಇಡುವ ಪುಟ್ಟ ಪೆಟ್ಟಿಗೆಯ ಬಾಗಿಲು. ಅದು ಟಕ್ ಎಂದು ತೆರೆದುಕೊಂಡು ಅವನ ಮಂಡಿಗೆ ಬಡಿಯಿತು.

“ಅಕ್ಕಾ, ಸ್ಟೀರಿಂಗ್ ಎಲ್ಲಿ?”

“ಇಲ್ಲಿದೆ,” ಎಂದಳು ಆಕೆ ಸಣ್ಣ ದನಿಯಲ್ಲಿ. “ನನ್ನ ಹತ್ರ.”

ಹೊರಗೆ ಮೊದಲು ನಕ್ಕವಳು ರಿವರ್ಸ್ ರಾಣಿ. ಆಮೇಲೆ ಇಡೀ ಯಾರ್ಡು ನಕ್ಕಿತು. ಸೂಪರ್‌ವೈಸರ್ ಕೂಡ ಹೊಟ್ಟೆ ಹಿಡಿದುಕೊಂಡ. ಗಜ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏನ್ ನಗ್ತೀರೋ, ನಾನು ಟೀಚರ್ ಸೀಟಲ್ಲಿ ಕೂತಿದೀನಿ, ಎಲ್ರೂ ನಮಸ್ಕಾರ ಹೇಳಿ!” ಎಂದು ಕೂಗಿದ.

ಬ್ರೇಕ್ ಅಕ್ಕನೂ ನಗುತ್ತಾ ಇಳಿಯಲೆಂದು ಬಾಗಿಲ ಕಡೆ ತಿರುಗಿದವಳು ಹಾಗೇ ಕೂತುಬಿಟ್ಟಳು. ಆಕೆಯ ಎಡಗಾಲು ಆಗಲೇ ಕ್ಲಚ್ಚಿನ ಮೇಲಿತ್ತು. ಯಾರೂ ಇಡು ಎಂದು ಹೇಳಿರಲಿಲ್ಲ. ಬಲಗಾಲು ಬ್ರೇಕಿನ ಮೇಲೆ, ಬಲಗೈ ಗೇರಿನ ಮೇಲೆ. ಎಲ್ಲವೂ ದಿನವೂ ಇರುವಲ್ಲೇ ಇದ್ದವು. ಗಾಜಿನಾಚೆ ಬಾನೆಟ್ಟಿನ ಬಲಗಡೆಯ ಅಂಚು ಓರೆಯಾಗಿ ಕಾಣುತ್ತಿತ್ತು. ಎಷ್ಟು ಸಾವಿರ ಸಲ ನೋಡಿದ್ದಾಳೆ ಆ ಅಂಚನ್ನು, ಇದೇ ಓರೆಯಲ್ಲಿ, ಬೆವರುವ ಹುಡುಗಿಯರ ಮಡಿಲಿನ ಮೇಲಿಂದ, ಬಾಯಿ ಒಣಗಿದ ಗುಮಾಸ್ತರ ಮಡಿಲಿನ ಮೇಲಿಂದ! ಬಲಗಡೆ ಬಸ್ಸಿಗೆ ಎಷ್ಟು ಜಾಗವಿದೆ, ಸೈಕಲ್ಲಿಗೆ ಎಷ್ಟು, ಗೋಡೆಗೆ ಎಷ್ಟು ಎಂದು ಈ ಸೀಟಿನಿಂದಲೇ ಅಳೆದದ್ದು. ಗೇರು ತಪ್ಪಿದವರಿಗೆಲ್ಲ ಈ ಬಲಗೈಯಿಂದಲೇ ಸರಿಯಾಗಿ ಹಾಕಿಕೊಟ್ಟದ್ದು. ಸ್ಟೀರಿಂಗಿನ ಮುಂದೆ ಕೂತು ಓಡಿಸಿದ್ದು ಮನೆಗೆ ಹೋಗುವ ಬರುವ ದಾರಿಯಲ್ಲಿ ಮಾತ್ರ. ಬದುಕು ಕಳೆದದ್ದು ಇಲ್ಲಿ, ಎಡಗಡೆ.

ಆಕೆ ನೆಟ್ಟಗೆ ಕೂತು ಸ್ಟೀರಿಂಗ್ ಹಿಡಿದಳು.

“ಗಜಣ್ಣ,” ಎಂದಳು, “ಇಳೀಬೇಡಿ. ಸೀಟಿಗೆ ಒರಗಿ ಕೂತ್ಕೊಳ್ಳಿ. ನಿಮ್ಮ ಹೊಟ್ಟೆ ಕನ್ನಡಿಗೆ ಅಡ್ಡ ಬರ್ತಿದೆ.”

“ನೀವೇ ಬಿಡ್ತೀರಾ?”

“ದೇವರು ಕೂರಿಸಿದ ಮೇಲೆ ಬಿಡದೆ ಇರೋಕಾಗತ್ತಾ?”

ಕಣ್ಣು ಮುಚ್ಚಿ ತೆರೆದು ಕೀ ತಿರುಗಿಸಿದಳು. ಹೊಸದೆಂದರೆ ಒಂದೇ ಒಂದು, ಆಕ್ಸಿಲರೇಟರ್. ಇಷ್ಟು ವರ್ಷ ಆಕೆಯ ಸೀಟಿಗೆ ನಿಲ್ಲಿಸುವ ಅಧಿಕಾರ ಇತ್ತು, ಹೊರಡಿಸುವ ಅಧಿಕಾರ ಇರಲಿಲ್ಲ. ಈಗ ಬಲಗಾಲಿನ ಬೆರಳ ತುದಿಯಲ್ಲಿ ಅದೂ ಸಿಕ್ಕಿತ್ತು. ಮೆಲ್ಲಗೆ ಒತ್ತಿದಳು. ಕಾರು ಹಲಗೆಯ ಮೇಲೆ ಮೂತಿಯಿಟ್ಟಿತು.

ಹೊರಗೆ ನಗು ನಿಂತಿತು. ಒಬ್ಬ ಎಡಕ್ಕೆ ಎಂದು ಕೈಬೀಸಿದ, ಇನ್ನೊಬ್ಬ ಬಲಕ್ಕೆ ಎಂದು ಕೈಬೀಸಿದ. ಆಕೆ ಇಬ್ಬರನ್ನೂ ನೋಡಲಿಲ್ಲ. ಹಲಗೆ ಗಡಗಡ ಎಂದಿತು, ಕಾರು ಏರಿತು, ಬಾಯಿಯೊಳಗೆ ಹೊಕ್ಕಿತು. ಬೆಳಕು ಹಿಂದೆ ಉಳಿಯಿತು. ಬಲಗಡೆಯ ಉಕ್ಕಿನ ಗೋಡೆ ಗಜನ ಕಿಟಕಿಗೆ ಅಂಟಿಕೊಂಡೇ ಹಿಂದಕ್ಕೆ ಸರಿಯುತ್ತಿತ್ತು.

“ಅಕ್ಕಾ, ಗೋಡೆ! ಗೋಡೆ ಅಕ್ಕಾ! ನನ್ನ ಮೂಗಿಗೇ ಬಂತು!”

“ಮೂಗು ಒಳಗಿಟ್ಕೊಳ್ಳಿ ಗಜಣ್ಣ. ಅದಕ್ಕೆ ಬೇರೆ ಜಾಗ ಬಿಟ್ಟಿಲ್ಲ.”

ಮುಂದಿನ ಗೋಡೆ ಹತ್ತಿರವಾದಾಗ ಪಾದ ತಾನಾಗಿ ಕೆಳಗಿಳಿಯಿತು. ಕಾರು ಮೆಲ್ಲಗೆ ನಿಂತಿತು. ಆಕೆ ಎಂಜಿನ್ ಆರಿಸಿ ತನ್ನ ಕಡೆಯ ಬಾಗಿಲು ತಳ್ಳಿದಳು. ಅದು ಅರ್ಧ ತೆರೆಯಿತು, ಗೋಡೆಗೆ ತಾಗಲಿಲ್ಲ. ಆಕೆ ಸಲೀಸಾಗಿ ಹೊರಗೆ ಜಾರಿದಳು. ಆದರೆ ಗಜನ ಬಾಗಿಲಿಗೂ ಗೋಡೆಗೂ ನಡುವೆ ಅಂಗೈ ತೂರುವಷ್ಟೇ ಸಂದಿ. ಪಾಪ, ಅವನು ಗೇರಿನ ಮೇಲೆ ಹತ್ತಿ, ಸ್ಟೀರಿಂಗಿಗೆ ಹೊಟ್ಟೆ ಸಿಕ್ಕಿಸಿಕೊಂಡು, ಹಾರ್ನ್ ಹೊಡೆಸಿಕೊಳ್ಳುತ್ತಾ ಈ ಕಡೆ ತೆವಳಿ ಬರಬೇಕಾಯಿತು. ಒಳಗಿನಿಂದ ಪೇಂ ಪೇಂ ಎಂದು ಸದ್ದು ಬಂದಷ್ಟೂ ಹೊರಗೆ ಚಪ್ಪಾಳೆ. ಇಬ್ಬರೂ ಬೆಳಕಿಗೆ ಬಂದಾಗ ಸೂಪರ್‌ವೈಸರ್ ಟಾರ್ಚು ಹಿಡಿದು ಒಳಗೆ ಓಡಿದ. ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡಿ ಹೊರಬಂದ.

“ಒಂದು ಗೀರಿಲ್ಲ,” ಎಂದ. ಇನ್ನೊಮ್ಮೆ ಜೋರಾಗಿ ಎಲ್ಲರಿಗೂ ಕೇಳುವಂತೆ ಹೇಳಿದ, “ಒಂದೇ ಒಂದು ಗೀರಿಲ್ಲ! ಯಾವ ದೇಶದಲ್ಲಿ ಕಲಿತ್ರಮ್ಮ ಎಡಗಡೆ ಓಡಿಸೋದು?”

“ಇಲ್ಲೇ,” ಎಂದಳು ಬ್ರೇಕ್ ಅಕ್ಕ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಸೆರಗಿನಲ್ಲಿ ಒರೆಸಿಕೊಂಡಳು. “ಕಲಿತಿದೀನಿ ಅಂತ ನಂಗೇ ಗೊತ್ತಿರ್ಲಿಲ್ಲ.”

ಗಜ ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಳ್ಳುತ್ತಾ, “ನಾನು ಹೇಳಿಕೊಟ್ಟಿದ್ದು ಚೆನ್ನಾಗಿತ್ತು, ಅಲ್ವಾ ಅಕ್ಕ?” ಎಂದ.

“ಬಹಳ ಚೆನ್ನಾಗಿತ್ತು,” ಎಂದು ಆಕೆ ಒಪ್ಪಿಕೊಂಡಳು.

ಎಲ್ಲರಿಗೂ ಚಹಾ ಬಂತು. ಸೂಪರ್‌ವೈಸರ್ ಅಳತೆಯ ಟೇಪು ಎತ್ತಿಕೊಂಡು, “ಬನ್ನಿ, ಈಗ ನಿಮ್ಮ ಕಾರು ನೋಡೋಣ. ನಿಮ್ಮ ಕೆಲ್ಸ ಇವತ್ತು ಮೊದಲು,” ಎಂದ.

ಬ್ರೇಕ್ ಅಕ್ಕ ಲೋಟ ಹಿಡಿದು ಕೆಂಪಿಯ ಮುಂದೆ ನಿಂತಳು. ಬಲಗಡೆಯ ಕಿಟಕಿಯಿಂದ ಸ್ಟೀರಿಂಗು ಕಾಣುತ್ತಿತ್ತು. ಇದನ್ನು ಅಲ್ಲಿಗೆ ಒಯ್ದರೆ ತಾನು ಕೂರಬೇಕಾದದ್ದು ಆ ಬಲಗಡೆಯ ಸೀಟಿನಲ್ಲಿ, ರಸ್ತೆಯ ಅಂಚಿಗೆ, ಎದುರಿನ ವಾಹನ ಸರಿಯಾಗಿ ಕಾಣದ ಜಾಗದಲ್ಲಿ. ಪಕ್ಕದ ಸೀಟಿನಲ್ಲಿ ಗಂಡನೋ ಅತ್ತೆಯೋ ಕೂತು ಈಗ ಹೋಗು, ಈಗ ನಿಲ್ಲು ಎಂದು ಹೇಳಬೇಕು. ಅಂದರೆ, ಹೆದರಿ ಹಿಡಿದುಕೊಂಡ ಈ ಕಾರೇ ತನ್ನ ಸೀಟನ್ನು ತನ್ನಿಂದ ಕಿತ್ತುಕೊಳ್ಳುತ್ತಿತ್ತು. ಆ ದೇಶದಲ್ಲಿ ಡ್ರೈವರ್ ಕೂರುವ ಜಾಗ ಬೇರೆ ಯಾವುದೂ ಅಲ್ಲ, ತಾನು ಇಷ್ಟು ವರ್ಷ ಕೂತ ಜಾಗವೇ.

“ಅಳತೆ ಬೇಡ,” ಎಂದಳು.

“ಬೇಡ್ವಾ?”

“ಇದು ಬರಲ್ಲ. ಇದಕ್ಕೆ ಇಲ್ಲಿ ಕೆಲ್ಸ ಇದೆ.”

ರಿವರ್ಸ್ ರಾಣಿ ಚಹಾ ಕುಡಿಯುವುದನ್ನು ನಿಲ್ಲಿಸಿದಳು.

“ಏನೇ, ಹಾಗೆ ನೋಡ್ತೀಯಾ?” ಎಂದಳು ಬ್ರೇಕ್ ಅಕ್ಕ. “ಬೆಳಗಿನ ಪಾಠ ಮಾತ್ರ ಸಾಕಾಗಲ್ಲ. ಸಂಜೇದೂ ನೀನೇ ನೋಡ್ಕೋಬೇಕು. ಕಲಿಯೋರು ಬ್ರೇಕ್ ಹಾಕಿದ್ದು ತಾವೇ ಅಂದ್ರೆ ಹೌದು ಅನ್ನು. ಜಗಳ ಆಡ್ಬೇಡ.”

“ಅಕ್ಕಾ, ನಿಜವಾಗ್ಲೂನಾ? ಕೆಂಪೀನ ನಂಗೆ...”

“ನಿನಗಲ್ದೆ ಇನ್ಯಾರಿಗೆ? ಆದ್ರೆ ಒಂದು ಮಾತು. ಎಲ್ರಿಗೂ ಬರೀ ಹಿಂದಕ್ಕೆ ಹೋಗೋದು ಕಲಿಸ್ಬೇಡ. ಊರಿನ ಜನ ಮುಂದಕ್ಕೂ ಹೋಗ್ಬೇಕು.”

ರಾಣಿ ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು. ಗಜ ತನ್ನ ಕರ್ಚೀಫು ಕೊಡಲು ಹೋದ. ಅದರ ಬಣ್ಣ ನೋಡಿ ಅವಳು ಬೇಡವೆಂದಳು.

ಮನೆಯಲ್ಲಿ ಗಂಡ ಆಗಲೇ ಎರಡು ಕುರ್ಚಿ ಹಾಕಿ ಸೌಟು ಹಿಡಿದು ಕೂತಿದ್ದ. ಬ್ರೇಕ್ ಅಕ್ಕ ಒಳಗೆ ಬಂದವಳೇ, “ಏಳಿ,” ಎಂದು ಅವನನ್ನು ಎಬ್ಬಿಸಿ ಎಡಗಡೆಯ ಕುರ್ಚಿಯಲ್ಲಿ ಕೂತಳು. ತಟ್ಟೆ ಹಿಡಿದಳು, ಬಲಗೈ ಸೌಟಿನ ಮೇಲಿಟ್ಟಳು. ಒಂದನೇ ಗೇರು, ಎರಡನೆಯದು, ಮೂರನೆಯದು. ಹೂಜಿ ಅಲುಗಲಿಲ್ಲ, ಒಂದು ಹನಿ ನೀರು ಚೆಲ್ಲಲಿಲ್ಲ.

ಗಂಡ ಬಾಯಿ ಬಿಟ್ಟುಕೊಂಡು ನಿಂತ. “ಯಾವಾಗ ಪ್ರಾಕ್ಟೀಸ್ ಮಾಡಿದ್ಯೇ?”

“ಮದುವೆಗೆ ಮುಂಚಿನಿಂದ,” ಎಂದಳು ಆಕೆ. ಯಾರ್ಡಿನಲ್ಲಿ ಆದದ್ದನ್ನೆಲ್ಲ ಹೇಳಿದಳು. ಅತ್ತೆ ಗಜನ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಗೆ, “ಹಾಗಾದ್ರೆ ಆ ದೇಶದೋರು ನಿನ್ನ ನೋಡೇ ಕಾರು ಮಾಡಿದಾರೆ ಅನ್ನು,” ಎಂದಳು. ಸೊಸೆಯನ್ನು ಅತ್ತೆ ಅಷ್ಟು ನೇರವಾಗಿ ಹೊಗಳಿದ್ದು ಅದೇ ಮೊದಲು.

ಹೊಸ ದೇಶದಲ್ಲಿ ಮನೆ ಸಿಕ್ಕಿ, ಪಾತ್ರೆ ಪಗಡ ಜೋಡಿಸಿ ಮುಗಿಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ಡ್ರೈವಿಂಗ್ ಪರೀಕ್ಷೆ ಬಂತು. ನಾದಿನಿಯೂ ಅತ್ತೆಯೂ ನೋಡಲು ಬಂದು ಪರೀಕ್ಷೆಯ ಮೈದಾನದ ಬೇಲಿಯ ಬಳಿ ನಿಂತಿದ್ದರು. ಮೊದಲು ಗಂಡ ಹೋದ. ಎರಡನೇ ತಿರುವಿನಲ್ಲಿ ಗೇರು ಹಾಕಲು ಎಡಗೈ ಚಾಚಿದ, ಕೈಗೆ ಬಾಗಿಲಿನ ಹಿಡಿ ಸಿಕ್ಕಿತು, ಬಲವಾಗಿ ಎಳೆದ. ಕಾರು ಒಂದು ರೆಕ್ಕೆ ಬಿಚ್ಚಿಕೊಂಡು ತಿರುವು ದಾಟಿತು. ಪರೀಕ್ಷೆಯವರು ಕಾರು ನಿಲ್ಲಿಸಲು ಹೇಳಿದರು.

ಬ್ರೇಕ್ ಅಕ್ಕ ಕೂತಳು. ಹೊರಟಳು, ತಿರುಗಿಸಿದಳು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಳು, ಕಂಬಗಳ ನಡುವೆ ಹಿಂದಕ್ಕೆ ತೆಗೆದು ಬಲಗಡೆಯ ಗೆರೆಗೆ ಒತ್ತಿ ನಿಲ್ಲಿಸಿದಳು. ಪರೀಕ್ಷೆಯವರು ಕಿಟಕಿಯಿಂದ ಬಗ್ಗಿ ಗೆರೆ ನೋಡಿದರು, ಮತ್ತೆ ಆಕೆಯ ಮುಖ ನೋಡಿದರು, ಆಮೇಲೆ ಕೈ ಕುಲುಕಿದರು. ಬೇಲಿಯಾಚೆ ಅತ್ತೆ ಅಪರಿಚಿತರಿಗೆಲ್ಲ, ಅವರಿಗೆ ಅರ್ಥವಾಗದ ಭಾಷೆಯಲ್ಲಿ, “ನನ್ನ ಸೊಸೆ! ಅದು ನನ್ನ ಸೊಸೆ!” ಎಂದು ಹೇಳುತ್ತಿದ್ದಳು.

ಮನೆಗೆ ಹಿಂದಿರುಗುವಾಗ, ಗಂಡನ ಕಂಪನಿಯವರು ಅಲ್ಲಿಗೆ ತಂದುಕೊಟ್ಟ ಕಾರಿನ ಕೀ ಬ್ರೇಕ್ ಅಕ್ಕನ ಕೈಯಲ್ಲಿತ್ತು. ಅತ್ತೆ ಯಾರನ್ನೂ ಕೇಳದೆ ಮುಂದಿನ ಸೀಟು ಹತ್ತಿದಳು. ಗಂಡ ತಂಗಿಯ ಜೊತೆ ಹಿಂದೆ ಕೂತ.

“ಅತ್ತಿಗೆ,” ಎಂದು ನಾದಿನಿ ಮುಂದಕ್ಕೆ ಬಾಗಿದಳು, “ನಂಗೆ ಮತ್ತೆ ಮೊದಲಿನಿಂದ ಕಲಿಸ್ತೀರಾ?”

“ನಾಳೆಯಿಂದಾನೇ. ನಿಮ್ಮಣ್ಣನೂ ಇದಾರೆ, ಜೊತೆಗೆ ಕಲೀರಿ. ಬಾಗಿಲು ಹೇಗೆ ಮುಚ್ಚೋದು ಅಂತ ಅವ್ರಿಗೆ ಮೊದಲು.”

“ನಗಿ, ನಗಿ,” ಎಂದ ಗಂಡ. ಅವನ ಮುಖದಲ್ಲೂ ನಗು ಅರಳಿತ್ತು.

ಊರಿನಾಚೆಯ ರಸ್ತೆಯಲ್ಲಿ ಉದ್ದನೆಯದೊಂದು ಲಾರಿ ಮುಂದೆ ಸಿಕ್ಕಿತು. ಆಮೆಯಂತೆ ತೆವಳುತ್ತಿತ್ತು. “ಅದರ ಹಿಂದೇನೇ ಹೋಗೋಣ ಅತ್ತಿಗೆ,” ಎಂದಳು ನಾದಿನಿ ಹೆದರಿ. ಬ್ರೇಕ್ ಅಕ್ಕ ಕಾರನ್ನು ಒಂದಿಷ್ಟು ಎಡಕ್ಕೆ ತಂದಳು. ಆಕೆಯ ಸೀಟಿನಿಂದ ಲಾರಿಯ ಪಕ್ಕಕ್ಕೆ ರಸ್ತೆ ಉದ್ದಕ್ಕೂ ತೆರೆದುಕೊಂಡಿತು, ದೂರದ ತಿರುವಿನವರೆಗೂ ಖಾಲಿ, ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಬಲಗೈ ಗೇರು ಬದಲಿಸಿತು. ಕಾಲು ಒತ್ತಿತು. ಲಾರಿಯ ಗಾಲಿಗಳು ಒಂದೊಂದಾಗಿ ಅತ್ತೆಯ ಕಿಟಕಿಯಲ್ಲಿ ಹಿಂದಕ್ಕೆ ಸರಿದವು. ಕೊನೆಗೆ ಲಾರಿಯ ಮೂತಿಯೂ ಸರಿದು, ಮುಂದೆ ಬಯಲು ಮಾತ್ರ ಉಳಿಯಿತು.

ಅತ್ತೆ ಒಮ್ಮೆ ಹಿಂದಿರುಗಿ ಲಾರಿಯನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡಿದಳು.

“ಅಲ್ಲಿ ಇನ್ನೊಂದಿದೆ ನೋಡೇ,” ಎಂದಳು.